ಮೂರು ಕೂಗಿಗೆ ಒಂದು ಬಿಳಿ ದುಪ್ಪಟಿ

ಆಂಡ್ರೋಸ್ ದ್ವೀಪ, ಗಾಳಿಗುಡ್ಡದ ತುದಿ
ಸೆಪ್ಟೆಂಬರ್ ೧೫, ೨೦೦೬, ಶುಕ್ರವಾರ, ತಿಂಡಿಯಾದ ಮೇಲೆ

ನನ್ನ ಮುದ್ದಿನ ಕ್ಯಾಪ್ಟನ್ ಅಪ್ಪಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಬಿಪಿ ಮಾತ್ರೆಯನ್ನು ಕಾಫಿಯ ಜೊತೆ ನುಂಗಬೇಡ, ನೀರಿನ ಜೊತೆ ನುಂಗು ಎಂದು ಅಮ್ಮ ಹೇಳಿಕಳಿಸಿದ್ದಾಳೆ. ನಿನ್ನ ಹೊಸ ಅಳಿಯ ಮಿಲ್ತೋಸ್ ಹಲ್ಲಿನ ಡಾಕ್ಟರಾದರೂ ಡಾಕ್ಟರೇ ತಾನೇ, ಅವನೂ ಅದನ್ನೇ ಹೇಳುತ್ತಾನೆ. ಕಾನ್‌ಸ್ಟಾಂಟಾ ಬಂದರಿನಲ್ಲಿ ಗೋಧಿ ತುಂಬುವ ಕೆಲಸ ಎಲ್ಲಿಗೆ ಬಂತು? ಮಳೆ ಹಿಡಿದು, ಹಡಗಿನ ಉಗ್ರಾಣಗಳ ಬಾಯಿ ಮುಚ್ಚಿಸಿ, ಸಿಗರೇಟು ಸೇದುತ್ತ ಬೈಯುತ್ತ ಕೂತಿದ್ದೀಯೋ? ಹಾಗೆ ಕೂತಿರಲಿ ಎಂದೇ ನನ್ನ ಆಸೆ. ಈ ಕಾಗದ ನಿನ್ನ ಕೈ ಸೇರುವ ತನಕ ನಿನ್ನ ಹಡಗು ಹಗ್ಗ ಬಿಚ್ಚಬಾರದು. ನಮ್ಮ ಓಣಿಯ ಪಾಂದೆಲಿಸ್ ನಿನ್ನ ಹಡಗಿಗೆ ಎರಡನೇ ಅಧಿಕಾರಿಯಾಗಿ ಸೇರಲು ಇವತ್ತು ಮಧ್ಯಾಹ್ನದ ಫೆರಿಯಲ್ಲಿ ಹೊರಡುತ್ತಾನೆ. ಹೋಗುವ ದಾರಿಯಲ್ಲಿ ಬೆಟ್ಟ ಹತ್ತಿ ಬಂದು ಕಾಗದ ತೆಗೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದಾನೆ. ಮದುವೆಯ ಬಾದಾಮಿ ಮಿಠಾಯಿಯ ಡಬ್ಬವನ್ನೂ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ದಾರಿಯಲ್ಲಿ ಅರ್ಧ ತಿಂದಿರುತ್ತಾನೆ, ಗದರಿಸಬೇಡ.

ಅಪ್ಪಾ, ಈ ಜಾಗವನ್ನು ನೀನು ನೋಡಲೇಬೇಕಿತ್ತು! ಮದುವೆಯ ವಿಧಿಯಲ್ಲಿ ನಮ್ಮಿಬ್ಬರ ತಲೆಯ ಹೂಕಿರೀಟ ಅದಲುಬದಲು ಮಾಡಿದವನು ಮಿಲ್ತೋಸನ ಗೆಳೆಯ, ಈ ಹೋಟೆಲಿನ ವಾಸ ಅವನು ಕೊಟ್ಟ ಉಡುಗೊರೆ. ಗಂಡಹೆಂಡಿರಿಗೆ ಒಂದು ಇಡೀ ಕಲ್ಲಿನ ಮನೆ, ಆ ಮನೆಗೊಂದು ಈಜುಕೊಳ, ಆ ಕೊಳಕ್ಕೆ ಅಂಚೇ ಇಲ್ಲ! ನೀರು ಸೀದಾ ಹೋಗಿ ಸಮುದ್ರಕ್ಕೆ ಸುರಿಯುತ್ತದೆಯೇನೋ ಅನ್ನಿಸುತ್ತದೆ. ಬೆಳಿಗ್ಗೆ ಆರು ಬಗೆಯ ಜೇನು ತಂದಿಡುತ್ತಾರೆ. ದಿಂಬಿಗೂ ಒಂದು ಮೆನು ಇದೆ ಎಂದರೆ ನಂಬುತ್ತೀಯಾ? ಅದೂ ಇಂಗ್ಲಿಷಿನಲ್ಲಿ ಮಾತ್ರ. ನೀನು ಅಷ್ಟು ಖರ್ಚು ಮಾಡಿ ಅಥೆನ್ಸಿನ ಇಂಗ್ಲಿಷ್ ಶಾಲೆಗೆ ಹಾಕಿದ್ದು ಕೊನೆಗೂ ಸಾರ್ಥಕವಾಯಿತು, ಬಾತುಕೋಳಿಯ ಪುಕ್ಕದ ದಿಂಬನ್ನು ತಪ್ಪಿಲ್ಲದೆ ತರಿಸಿಕೊಂಡೆ. ಅಂಗಳದ ಆಲಿವ್ ಮರಗಳು ಲಾರಿಯಲ್ಲಿ ಬಂದವಂತೆ, ಈ ದ್ವೀಪದಲ್ಲಿ ಮರವೇ ಇಲ್ಲವೇನೋ ಎಂಬ ಹಾಗೆ! ಹಳೆಯ ಕಣ ಇತ್ತಲ್ಲ, ಬಾರ್ಲಿ ಒಕ್ಕುತ್ತಿದ್ದದ್ದು, ಅಲ್ಲೀಗ ಸಂಜೆ ಹೊತ್ತು ಜರ್ಮನರು ಗ್ಲಾಸು ಹಿಡಿದು ಸಾಲಾಗಿ ಕೂರುತ್ತಾರೆ. ಯಾವ ಬೆಟ್ಟ ಎಂದು ಈಗ ಗೊತ್ತಾಗಿರಬೇಕು. ಅಜ್ಜಿಯ ಗಾಳಿಗುಡ್ಡ. ಮದುವೆಯ ಊಟದಲ್ಲಿ ಈ ಸುದ್ದಿ ಕೇಳಿ ಅವಳು ಎಲ್ಲರಿಗೂ ಕೇಳುವಂತೆ, "ಅಯ್ಯೋ, ನನ್ನ ಆಡುಗಳೂ ಅಲ್ಲಿ ನಿಲ್ತಿರ್ಲಿಲ್ಲ. ಅಲ್ಲಿ ಮಲಗೋಕೆ ದುಡ್ಡು ಬೇರೆ ಕೊಡ್ತಾರಾ?" ಅಂದಳು. ಆಮೇಲೆ ನನ್ನ ಕಿವಿಯಲ್ಲಿ, "ಆ ಕೊಳದಲ್ಲಿ ಮೀನಿದ್ಯೇನೇ? ಇಲ್ದಿದ್ರೆ ಯಾತಕ್ಕೆ ಅಷ್ಟು ನೀರು?" ಎಂದು ಕೇಳಿದಳು.

ಅಜ್ಜಿ ಮಂಗಳವಾರ ಬೆಳಿಗ್ಗೆ ತೀರಿಕೊಂಡಳು, ಅಪ್ಪಾ. ಇದನ್ನು ಎಲ್ಲಿ ಬರೆಯಬೇಕೆಂದು ತಿಳಿಯದೆ ದಿಂಬು, ಜೇನುಗಳ ಪಕ್ಕದಲ್ಲಿ ಬರೆದುಬಿಟ್ಟಿದ್ದೇನೆ. ನಿದ್ದೆಯಲ್ಲೇ ಹೋದಳಂತೆ. ಪಕ್ಕದಲ್ಲಿ ಮಗಳು ಇದ್ದಳು, ನಮ್ಮ ಫ್ಲೋರತ್ತೆ. ಬುಧವಾರ ಅಜ್ಜನ ಪಕ್ಕದಲ್ಲೇ ಮಣ್ಣಾಯಿತು.

ಈ ಸುದ್ದಿಯನ್ನು ನಿನಗೆ ತಿಳಿಸಬಾರದೆಂದು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದಾರೆ. ಸಮುದ್ರದ ಮೇಲಿರುವವನಿಗೆ ಸಾವಿನ ಸುದ್ದಿ ಮುಟ್ಟಿಸಬಾರದು ಎಂಬುದು ನಮ್ಮ ಊರಿನ ಹಳೆಯ ರೂಢಿ. ಆದರೆ ಅಜ್ಜ ಹೋದಾಗ ನೀನು ಹೇಳಿದ್ದು ನನಗೆ ನೆನಪಿದೆ. ಅವನು ಹೋಗಿ ಎಷ್ಟೋ ಕಾಲವಾದ ಮೇಲೆ ಬ್ರೆಜಿಲಿನ ಯಾವುದೋ ಬಂದರಿನಲ್ಲಿ, ನಮ್ಮದೇ ದ್ವೀಪದ ಇನ್ಯಾರೋ ನಾವಿಕ ನಿನಗೆ ಸಮಾಧಾನ ಹೇಳಲು ಬಂದನಂತೆ. ಆಗ ನಿನ್ನ ಕೈಯಲ್ಲಿ ಅಜ್ಜನಿಗೆಂದು ಆಗಷ್ಟೇ ಕೊಂಡ ಉಣ್ಣೆಯ ಬನಿಯನ್ ಇತ್ತು. ಮನೆಗೆ ಬಂದವನು ಅದನ್ನು ಊಟದ ಮೇಜಿನ ಮೇಲಿಟ್ಟು, ನನ್ನನ್ನು ಬಂದರಿನ ಒಡ್ಡಿಗೆ ಕರೆದುಕೊಂಡು ಹೋದೆ. "ಇನ್ಮೇಲೆ ನಂಗೆ ನಿಜ ಹೇಳೋಳು ನೀನೊಬ್ಬಳೇ. ಉಳಿದೋರಿಗೆಲ್ಲ ನಾನು ಹಡಗು ನಡೆಸೋ ಕೂಸು" ಅಂದೆ. ನಾನು ಹೂಂ ಅಂದಿದ್ದೆ. ಹಡಗಿನ ಫೋನಿಗೆ ಕರೆ ಮಾಡಿಯೂ ಹೇಳಬಹುದಿತ್ತು. ಆದರೆ ಆ ಫೋನಿನಲ್ಲಿ ಆಡಿದ ಮಾತು ಒಂದು ಕ್ಷಣ ತಡವಾಗಿ ತಲುಪುತ್ತದಲ್ಲ, ಆ ಒಂದು ಕ್ಷಣ ನನಗೆ ಬೇಡವೆನ್ನಿಸಿತು.

ನನಗೂ ಮುಚ್ಚಿಟ್ಟಿದ್ದರು, ಗೊತ್ತಾ? ಹೊಸ ಮದುಮಗಳು ಹೆಣದ ಮುಂದೆ ನಿಲ್ಲಬಾರದು, ಶೋಕದ ಕಪ್ಪು ಬಟ್ಟೆ ನೋಡಬಾರದಂತೆ. ಬುಧವಾರ ಬೆಳಿಗ್ಗೆ ಮಿಲ್ತೋಸ್ ಇದ್ದಕ್ಕಿದ್ದಂತೆ, "ಏಳು ಏಳು, ದ್ವೀಪದ ಆ ಕಡೆ ಈಜೋಕೆ ಹೋಗೋಣ, ಇಲ್ಲಿ ಗಾಳಿ ಜಾಸ್ತಿ" ಎಂದು ಅವಸರ ಮಾಡಿದ. ಇಲ್ಲಿಂದ ಊರಿನ ಚರ್ಚಿನ ಸಾವಿನ ಗಂಟೆ ಕೇಳುತ್ತದಲ್ಲ, ಅದು ನನ್ನ ಕಿವಿಗೆ ಬೀಳದಿರಲಿ ಎಂದು. ಪಾಪ, ನನ್ನ ಗಂಡ ನನಗೆ ಹೇಳಿದ ಮೊದಲ ಸುಳ್ಳು. ಅಜ್ಜಿಯನ್ನು ಹೊತ್ತೊಯ್ಯುವ ಹೊತ್ತಿನಲ್ಲಿ ನಾನು ಹುರಿದ ಸ್ಕ್ವಿಡ್ ಮೀನು ತಿನ್ನುತ್ತ, ನಿಂಬೆಹಣ್ಣು ಸಾಲದು ಎಂದು ಜಗಳವಾಡುತ್ತಿದ್ದೆ. ತುಂಬ ಚೆನ್ನಾಗಿತ್ತು ಮೀನು. ನಾನು ಎರಡು ತಟ್ಟೆ ತಿಂದೆ.

ನಿನ್ನೆ ಮಧ್ಯಾಹ್ನ ಅಮ್ಮ ಮತ್ತು ಫ್ಲೋರತ್ತೆ ಊಟದ ಬುಟ್ಟಿ ಹೊತ್ತು ಬೆಟ್ಟ ಹತ್ತಿ ಬಂದರು, ಇಬ್ಬರೂ ಹೂವಿನ ಚಿತ್ತಾರದ ಬಟ್ಟೆ ತೊಟ್ಟು! ಅತ್ತೆಯಂತೂ ತುಟಿಗೆ ಬಣ್ಣ ಬೇರೆ ಹಚ್ಚಿಕೊಂಡಿದ್ದಳು. ಈಜುಕೊಳ ನೋಡಿ, "ಇಷ್ಟು ನೀರು ಬರೀ ಇಬ್ಬರಿಗಾ? ನನ್ನ ಬದನೆ ಮಡಿಗೆ ಒಂದು ಗಂಟೆ ಬಿಟ್ಟಿದ್ರೆ ಊರೆಲ್ಲ ಉಣ್ತಿತ್ತು" ಅಂದಳು. ಮಿಲ್ತೋಸನಿಗೆ, "ಅಳಿಯ ದೇವ್ರೇ, ಹಲ್ಲು ನೋಡಿದ್ದು ಸಾಕು, ಊಟ ಮಾಡಿ" ಎಂದು ರೇಗಿಸಿದಳು. ಆಲೂಗಡ್ಡೆ, ಮಾಂಸದ ತುಂಡು ಹಾಕಿದ ನಮ್ಮ ಊರಿನ ಮೊಟ್ಟೆ ದೋಸೆಯನ್ನು ಅವಳು ಕತ್ತರಿಸಿ ನನ್ನ ತಟ್ಟೆಗೆ ಹಾಕುವಾಗ ಅವಳ ಬೆರಳು ನೋಡಿದೆ. ಉಗುರು, ಗೆಣ್ಣು, ಅಂಗೈಯ ಗೆರೆ ಎಲ್ಲ ಕಪ್ಪು. ಅಜ್ಜ ಹೋದಾಗ ಅಂಗಳದಲ್ಲಿ ದೊಡ್ಡ ಕಡಾಯಿ ಇಟ್ಟು, ಅಂಗಡಿಯಿಂದ ಬಣ್ಣದ ಪೊಟ್ಟಣ ತಂದು, ಮನೆ ಹೆಂಗಸರ ಬಟ್ಟೆಯನ್ನೆಲ್ಲ ಕಪ್ಪು ಮಾಡಿದ್ದು ನೆನಪಾಯಿತು. ಹೂವಿನ ಬಟ್ಟೆ ಹುಡುಕಿ ತೊಟ್ಟುಕೊಂಡವರಿಗೆ ಕೈಗವಸು ತೊಡಬೇಕೆಂದು ಹೊಳೆದಿರಲಿಲ್ಲ.

"ಅತ್ತೆ, ಅಜ್ಜಿ ಯಾವಾಗ ಹೋದ್ಲು?" ಎಂದು ಕೇಳಿದೆ. ಉಪ್ಪು ಎಲ್ಲಿ ಎಂದು ಕೇಳುವಷ್ಟೇ ಸಾಧಾರಣವಾಗಿತ್ತು ನನ್ನ ದನಿ. ಅಮ್ಮ ಮುಖ ಮುಚ್ಚಿಕೊಂಡಳು. ಅತ್ತೆ ಕೈಯನ್ನು ಮೇಜಿನ ಕೆಳಗೆ ಅಡಗಿಸಿ ಮಿಲ್ತೋಸನನ್ನು ನೋಡಿದಳು, ಮಿಲ್ತೋಸ್ ಸಮುದ್ರ ನೋಡಿದ. ನಾನು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದು ಮುಗಿಸಿದೆ.

ನಾನು ಇನ್ನೂ ಅತ್ತಿಲ್ಲ, ಅಪ್ಪಾ. ಮಿಲ್ತೋಸ್ ಹಲ್ಲು ಕೀಳುವ ಮೊದಲು ಒಂದು ಸೂಜಿ ಚುಚ್ಚುತ್ತಾನೆ, ಆಮೇಲೆ ತುಟಿ ಇರುತ್ತದೆ ಆದರೆ ಅದು ನಮ್ಮದಲ್ಲ. ಹಾಗಿದೆ ನನಗೆ. ಆಗಾಗ ಒತ್ತಿ ನೋಡಿಕೊಳ್ಳುತ್ತೇನೆ. ಅಜ್ಜಿಯ ಚಪ್ಪಲಿ ನೆನೆದೆ, ಅವಳ ತಲೆವಸ್ತ್ರದ ಸೋಂಪಿನ ವಾಸನೆ ನೆನೆದೆ, ಅವಳು ನಿನ್ನ ಕರೆ ಬಂದಾಗ ಫೋನನ್ನು ತಲೆಕೆಳಗಾಗಿ ಹಿಡಿದು ಹಡಗಿಗೇ ಕೇಳುವಂತೆ ಕೂಗಿದ್ದನ್ನೂ ನೆನೆದೆ. ಏನೂ ಆಗಲಿಲ್ಲ. ಆಮೇಲೆ ಸ್ನಾನ ಮಾಡಿ ಆ ದಪ್ಪ ಬಿಳಿ ನಿಲುವಂಗಿ ತೊಟ್ಟು ಸಂಜೆಯ ಬೆಳಕಿನಲ್ಲಿ ಫೋಟೋ ತೆಗೆಸಿಕೊಂಡೆ. ಫೋಟೋದಲ್ಲಿ ಚೆನ್ನಾಗಿ ನಗುತ್ತಿದ್ದೇನೆ. ಪ್ರತಿ ಕಳಿಸುತ್ತೇನೆ.

ಅತ್ತೆ ಬಂದದ್ದು ನಾನು ಕಪ್ಪು ನೋಡದ ಹಾಗೆ ಕಾಯಲು ಮಾತ್ರವಲ್ಲ. ನನಗೆ ಗೊತ್ತಾಗಿಹೋದ ಮೇಲೆ ಅವಳು ನನ್ನ ತಲೆ ಸವರುತ್ತ ಇನ್ನೊಂದು ಮಾತು ತೆಗೆದಳು. ಬರುವ ಮಂಗಳವಾರ ನಿನ್ನ ಹಡಗು ಗೋಧಿ ಹೊತ್ತು ನಮ್ಮ ದ್ವೀಪದ ಪಕ್ಕದ ಡೋರೋ ಜಲಸಂಧಿ ಹಾಯುತ್ತದೆ, ನೀನು ಎಂದಿನಂತೆ ಹಡಗಿನ ಹಾರ್ನನ್ನು ಮೂರು ಸಲ ಉದ್ದಕ್ಕೆ ಕೂಗಿಸುತ್ತೀಯ, ದುರ್ಬೀನಿನಲ್ಲಿ ನಮ್ಮ ಮಾಳಿಗೆ ನೋಡುತ್ತೀಯ. ನೀನು ಹಡಗು ಸೇರಿದಂದಿನಿಂದ ಅಲ್ಲಿ ನಿಂತು ಬಿಳಿ ದುಪ್ಪಟಿ ಬೀಸುತ್ತಿದ್ದವಳು ಅಜ್ಜಿ. ಆ ದಿನ ಮಾಳಿಗೆ ಖಾಲಿ ಇರಬಾರದಂತೆ. "ನಂಗೆ ಭುಜ ಎತ್ತೋಕಾಗಲ್ಲ, ನಿಮ್ಮಮ್ಮ ಗಿಡ್ಡ. ನಿಂಗೆ ಅವ್ವನ ಎತ್ತರ, ಅವ್ವನ ಕೈ, ಹೆಸರೂ ಅವ್ವಂದೇ. ಅವಳ ತಲೆವಸ್ತ್ರ ಕಟ್ಕೊಂಡು ಬೀಸ್ಬಿಡೇ. ದೂರದಿಂದ ಮುಖ ಯಾರಿಗೆ ಕಾಣುತ್ತೆ?" ಅಂದಳು. ನಾನು, ಅಪ್ಪನಿಗೆ ಹೇಳಿಬಿಡೋಣ ಅಂದೆ. ಅತ್ತೆ ಸಿಡುಕಿದಳು. "ಇಪ್ಪತ್ತು ಜನರ ಪ್ರಾಣ ಅವನ ಕೈಲಿದೆ. ಡೋರೋದಲ್ಲಿ ಗಾಳಿ ಎಂಥದ್ದು ಅಂತ ಗೊತ್ತಿಲ್ವಾ ನಿಂಗೆ? ಅಲ್ಲಿ ನಿಂತು ಅವನು ಕಣ್ಣೊರೆಸ್ಕೊಳ್ಬೇಕಾ? ಇಂಗ್ಲಿಷ್ ಓದಿದೋಳು, ಇಷ್ಟೂ ತಿಳಿಯಲ್ವಾ?"

ಅವಳ ಮಾತು ಸುಳ್ಳಲ್ಲ. ನೋಡೋಣ ಅಂದೆ, ಅತ್ತೆ ಅದನ್ನು ಆಗಲಿ ಎಂದು ತಿಳಿದುಕೊಂಡು ಬೆಟ್ಟ ಇಳಿದಳು. ದುಪ್ಪಟಿಯನ್ನೂ ಬುಟ್ಟಿಯ ತಳದಲ್ಲಿ ತಂದೇ ಇದ್ದಳು, ಬಿಟ್ಟುಹೋದಳು. ಅಜ್ಜಿ ತನ್ನ ಮದುವೆಯಲ್ಲಿ ತಂದ ಮಗ್ಗದ ಬಟ್ಟೆ, ಮೂಲೆಯಲ್ಲಿ ಅವಳ ಹೆಸರಿನ ಮೊದಲ ಅಕ್ಷರ. ಇವತ್ತು ಬೆಳಿಗ್ಗೆ ಕೊಳದ ಪಕ್ಕ ನಿಂತು ಒಮ್ಮೆ ಬೀಸಿ ನೋಡಿದೆ. ಅಜ್ಜಿ ಹೇಗೆ ಬೀಸುತ್ತಿದ್ದಳು ಹೇಳು? ಯಾರಾದರೂ ಕೈ ಬೀಸುವ ಹಾಗಲ್ಲ, ಕಂಬಳಿಯ ಧೂಳು ಕೊಡವುವ ಹಾಗೆ, ಸಿಟ್ಟು ಬಂದವಳ ಹಾಗೆ, ಎಡಕ್ಕೆ ಜಾಡಿಸಿ ಜಾಡಿಸಿ. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆಯೋ ಎಂದು ಬೈಯುತ್ತಿರುವ ಹಾಗೆ. ನನಗೆ ಬರಲಿಲ್ಲ. ನನ್ನ ಕೈಯಲ್ಲಿ ಅದು ಅಂದವಾಗಿ ಹಾರಿತು, ಪಕ್ಕದ ಮನೆಯ ಜರ್ಮನ್ ಹೆಂಗಸು ಚಪ್ಪಾಳೆ ತಟ್ಟಿದಳು. ಆಗ ತಿಳಿಯಿತು. ನೀನು ಮುಖ ನೋಡುವುದಿಲ್ಲ, ಕೈ ನೋಡುತ್ತೀಯ. ಡೋರೋದ ಗಾಳಿಯ ನಡುವೆ, ದುರ್ಬೀನು ಕಣ್ಣಿಗಿಟ್ಟ ಆ ಕ್ಷಣದಲ್ಲಿ ನಿನಗೆ ಗೊತ್ತಾಗಿಬಿಡುತ್ತದೆ. ಅದಕ್ಕಿಂತ ಹಡಗು ಬಂದರಿಗೆ ಕಟ್ಟಿಕೊಂಡಿರುವಾಗ, ಬಾಗಿಲು ಹಾಕಿಕೊಂಡು, ಇದನ್ನು ಓದುವುದೇ ಮೇಲು. ಅಳುವುದಿದ್ದರೆ ಅಲ್ಲೇ ಅತ್ತು ಮುಗಿಸು, ಅಪ್ಪಾ. ಪಾಂದೆಲಿಸನಿಗೆ ವಿಷಯ ಗೊತ್ತು. ಅವನು ಹೊರಗೆ ನಿಂತು ಯಾರನ್ನೂ ಒಳಗೆ ಬಿಡುವುದಿಲ್ಲ.

ಅಮ್ಮ ಚೆನ್ನಾಗಿದ್ದಾಳೆ, ನಿನ್ನ ಹೆಸರಿನಲ್ಲಿ ಸಂತನ ಮುಂದೆ ದೀಪ ಹಚ್ಚಿಟ್ಟಿದ್ದಾಳೆ. ಮಿಲ್ತೋಸ್ ನಮಸ್ಕಾರ ತಿಳಿಸಿದ್ದಾನೆ, ಸುಳ್ಳು ಹೇಳಿದ್ದಕ್ಕೆ ನಾಚಿಕೊಂಡಿದ್ದಾನೆ, ಅವನ ಮೇಲೆ ನಿನಗೆ ಸಿಟ್ಟು ಬೇಡ. ಅವನು ಒಳ್ಳೆಯವನು, ಅಪ್ಪಾ, ನಿಜಕ್ಕೂ ನಾನು ತುಂಬ ಸುಖವಾಗಿದ್ದೇನೆ, ಅದು ಈಗ ಎಲ್ಲಿದೆಯೋ ಕಾಣುತ್ತಿಲ್ಲ ಅಷ್ಟೇ. ಗಾಳಿ ನಿನ್ನ ಬೆನ್ನ ಹಿಂದಿರಲಿ, ನೀರು ನಿನ್ನನ್ನು ಮನೆಯ ಮಗನ ಹಾಗೆ ಹೊತ್ತು ತರಲಿ.

ನಿನ್ನ
ಚಿಕ್ಕ ಪೊಲಿಕ್ಸೇನಿ
(ದೊಡ್ಡವಳು ಇಲ್ಲದ ಮೇಲೆ ‘ಚಿಕ್ಕ’ ಎಂದು ಬರೆಯಬೇಕಿಲ್ಲ. ಆದರೂ ಬರೆದಿದ್ದೇನೆ.)

ಮರೆತೆ: ಪಾಂದೆಲಿಸ್ ಗೇಟಿನ ಹತ್ತಿರ ಸ್ಕೂಟರ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಈಗ ತಾನೇ ಫ್ಲೋರತ್ತೆಗೆ ಫೋನ್ ಮಾಡಿ, ಅಪ್ಪನಿಗೆ ಎಲ್ಲ ಬರೆದಿದ್ದೇನೆ, ನಾನು ಮಾಳಿಗೆ ಹತ್ತುವುದಿಲ್ಲ ಅಂದೆ. ಮೊದಲು ಕಿರುಚಿದಳು. ಕೊನೆಗೆ, "ಹಾಗಾದ್ರೆ ಅವನಿಗೆ ಟೋಪಿ ಹಾಕ್ಕೋ ಅಂತ ಬರಿ, ಡೋರೋದಲ್ಲಿ ಕಿವಿಗೆ ಗಾಳಿ ನುಗ್ಗುತ್ತೆ" ಅಂದಳು. ಟೋಪಿ ಹಾಕಿಕೋ. ಮಂಗಳವಾರ ನಮ್ಮ ಮಾಳಿಗೆ ಖಾಲಿ ಇರುತ್ತದೆ, ಅದನ್ನು ನೋಡಿ ಹೆದರಬೇಡ, ದುರ್ಬೀನನ್ನು ಮೇಲಕ್ಕೆ ತಿರುಗಿಸು, ಗಾಳಿಗುಡ್ಡದ ತುದಿಗೆ. ಅಲ್ಲಿ ಅಜ್ಜಿಯ ದುಪ್ಪಟಿ ಹಿಡಿದು ಅಂದವಾಗಿ, ತಪ್ಪು ತಪ್ಪಾಗಿ ಬೀಸುತ್ತಿರುವವಳು ನಾನು. ಅವಳಿಲ್ಲವೆಂದು ಸುಮ್ಮನೆ ಹಾಯ್ದು ಹೋಗಬೇಡ, ಅಪ್ಪಾ. ಮೂರು ಸಲವೂ ಕೂಗಿಸು, ಉದ್ದಕ್ಕೆ. ಅದು ಕೇಳಿದರೆ ನನಗೆ ಅಳು ಬರಬಹುದು.