ಇಲ್ಲವೆಂದು ಗೊತ್ತಾದ ಆಯಾಮ

ಮುದ್ದು ಮಗಳೇ,

ನೀನು ಫೋನ್ ಎತ್ತದೆ ತಿಂಗಳಾಯಿತು. ಕಾಯಿಲೆಯೋ, ಗಂಡನ ಜೊತೆ ಜಗಳವೋ ಎಂದು ನಾನೂ ನಿನ್ನಮ್ಮನೂ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆವು. ಇವತ್ತು ನಿಮ್ಮ ಪ್ರಯೋಗಾಲಯದ ಹಿರಿಯರು ಸಿಕ್ಕಿ ನಿಜ ಹೇಳಿದರು. ಉದ್ದ, ಅಗಲ, ಎತ್ತರಗಳಾಚೆ ಸುರುಳಿ ಸುತ್ತಿಕೊಂಡ ಇನ್ನೊಂದು ಆಯಾಮವಿದೆ ಎಂದು ನಾನು ಆಯುಷ್ಯವೆಲ್ಲ ಲೆಕ್ಕ ಹಾಕಿದೆನಲ್ಲ, ಅದು ಇಲ್ಲವೆಂದು ಗುರುತ್ವದ ಸೆಳೆತ ಅಳೆಯುವ ನಿನ್ನ ಸೂಕ್ಷ್ಮ ತಕ್ಕಡಿ ತೋರಿಸಿತಂತೆ. ಅದನ್ನು ನನಗೆ ಹೇಳುವುದು ಹೇಗೆಂದು ನೀನು ಅವಿತು ಕೂತಿದ್ದೀಯಂತೆ.

ಮನೆಗೆ ಓಡಿ ಬಂದು ಹೇಳಿದೆ. "ಅಷ್ಟೇನಾ? ಅವಳು ಹುಷಾರಾಗಿದ್ದಾಳೆ ತಾನೇ?" ಎಂದು ಅಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದು ಕಣ್ಣೊರೆಸಿಕೊಂಡಳು. ಆಮೇಲೆ, "ಇರೋ ಮೂರರಲ್ಲೇ ನಿಮಗೆ ಕನ್ನಡಕ ಸಿಗಲ್ಲ, ನಾಲ್ಕನೇದು ಯಾಕೆ ಬೇಕಿತ್ತು?" ಅಂದಳು.

ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ಆಯಾಮ ಇದೆಯೋ ಇಲ್ಲವೋ ತಿಳಿಯದೆಯೇ ಸತ್ತುಹೋಗುತ್ತೇನೆಂಬ ಭಯ ವರ್ಷಗಳಿಂದ ಎದೆಯ ಮೇಲೆ ಕೂತಿತ್ತು. ಇವತ್ತು ಅದು ಇಳಿಯಿತು.

ನನಗೆ ನೋವಾಗದಿರಲೆಂದು ಸಂಶೋಧನಾ ಪ್ರಬಂಧದಲ್ಲಿ "ಇಲ್ಲ" ಎಂಬುದರ ಹಿಂದೆ "ಬಹುಶಃ" ಸೇರಿಸಿದ್ದೀಯಂತೆ. ಅಳತೆ ಸರಿಯಿದ್ದರೆ ಅದನ್ನು ಕಿತ್ತುಹಾಕು. ಭಾನುವಾರ ಊಟಕ್ಕೆ ಬಾ, ಪ್ರಬಂಧವನ್ನೂ ತಾ. ಕೂತು ತಪ್ಪು ಹುಡುಕುತ್ತೇನೆ, ದಾಕ್ಷಿಣ್ಯ ತೋರಿಸುವವನಲ್ಲ. ಒಂದೂ ಸಿಗದಿದ್ದರೆ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ: ನನ್ನ ಲೆಕ್ಕ ಸುಳ್ಳು ಮಾಡಿದವಳು ಬೇರೆ ಯಾರೂ ಅಲ್ಲ, ನನ್ನ ಮಗಳು!

ಫೋನಿನ ಪಕ್ಕದಲ್ಲೇ ಕೂತಿರುವ,
ನಿನ್ನ ಅಪ್ಪ