ಮಗ್ಗದ ನೋಟ

ಬನಹಟ್ಟಿ
೬ ಫೆಬ್ರುವರಿ ೨೦೨೬

ಚಿರಂಜೀವಿ ವ್ಯಾಸನಿಗೆ,

ಅಕ್ಕ ಕುಮುದಿನಿಯ ಆಶೀರ್ವಾದಗಳು. ನಿನ್ನ ಕುತ್ತಿಗೆ ನೋವು ಹೇಗಿದೆ? ಹಗಲೆಲ್ಲ ಕಾಲೇಜಿನಲ್ಲಿ ಪಾಠ, ಮನೆಗೆ ಬಂದ ಮೇಲೆ ಮತ್ತೆ ಕಂಪ್ಯೂಟರಿನ ಮುಂದೆ ಕೂತರೆ ಕುತ್ತಿಗೆಯಾದರೂ ಏನು ಮಾಡೀತು? ರಸಿಕಾಳಿಗೆ ಹೇಳಿ ಎಳ್ಳೆಣ್ಣೆ ಬಿಸಿ ಮಾಡಿಸಿ ಹಚ್ಚಿಸಿಕೋ. ಮಗಳು ಪ್ರಾಜಕ್ತಾಳ ಪರೀಕ್ಷೆ ಹತ್ತಿರ ಬಂತು, ಅವಳ ಮುಂದೆ ನಿಮ್ಮಿಬ್ಬರ ವಾದ ಬೇಡ. ಪುಣೆಯ ಚಳಿಗೆ ಅವಳ ಕೆಮ್ಮು ಹೆಚ್ಚಾಗಿಲ್ಲ ತಾನೇ? ಇಲ್ಲಿ ಆಯಿ ಆರಾಮವಾಗಿದ್ದಾಳೆ. ಮುಧೋಳದಲ್ಲಿ ಕಣ್ಣಿನ ಆಪರೇಶನ್ ಚೆನ್ನಾಗಿ ಆಯಿತು. ಈಗ ಎದುರುಮನೆಯವರು ಒಣಹಾಕಿದ ಬಟ್ಟೆಯ ಕಲೆಯೂ ಕಾಣುತ್ತದೆ, ಕಂಡದ್ದನ್ನು ಹೋಗಿ ಹೇಳಿಯೂ ಬರುತ್ತಾಳೆ. ಹೆತ್ತ ಮಗ ನೀನು ಬರಲಿಲ್ಲವೆಂದು ಅವಳಿಗೆ ಬೇಜಾರಿಲ್ಲವಂತೆ. ಬೇಜಾರಿಲ್ಲ ಎಂದು ದಿನಾಲೂ ಹೇಳುತ್ತಿರುತ್ತಾಳೆ.

ಫೋನಿರುವಾಗ ಕಾಗದ ಏಕೆ ಎಂದು ನಗಬೇಡ. ಫೋನು ಮಾಡಿದರೆ ನೀನು ಮೀಟಿಂಗಿನಲ್ಲಿರುತ್ತೀ. ಇಂಟರ್ನೆಟ್ಟಿನಲ್ಲಿ ನಿಮ್ಮ ತಂತ್ರಾಂಶ ಮಂಡಳಿಯ ಸುದ್ದಿ ಪುಟದ ಕೆಳಗೆ ಬರೆದೆ, ಅದನ್ನೂ ನೀನು ಮುಚ್ಚಿದೆ. "ಬಳಕೆದಾರರೇ, ಈ ಜಾಗ ಸುದ್ದಿಗಾಗಿ ಮಾತ್ರ, ದೂರುಗಳಿಗೆ ಬೇರೆ ಜಾಗವಿದೆ, ಧನ್ಯವಾದಗಳು" ಎಂದು ಇಂಗ್ಲಿಷಿನಲ್ಲಿ ಬರೆದು ಕೆಳಗೆ ನಿನ್ನ ಹೆಸರು ಹಾಕಿದ್ದೀ. ನಾನು ಕನ್ನಡದಲ್ಲಿ, ನನ್ನ ಹೆಸರು ಹಾಕಿಯೇ ಬರೆದಿದ್ದೆನಲ್ಲೋ! ನಿನಗೆ ಅಂಗಿಯ ಗುಂಡಿ ಹಾಕಿ ಸಾಲೆಗೆ ಕರೆದುಕೊಂಡು ಹೋದವಳು ಈಗ ಬಳಕೆದಾರಳಾದೆ. ಇರಲಿ. ಕಾಗದವನ್ನು ಹಾಗೆ ಮುಚ್ಚಲು ಬರುವುದಿಲ್ಲ, ಓದಿ ಮುಗಿಸಬೇಕು.

ಆ ಮಂಡಳಿಯನ್ನು ನಾನು ಹೀಗಳೆಯುತ್ತಿಲ್ಲ. ಎಲ್ಲೆಲ್ಲಿಯದೋ ಜನ ಸಂಬಳವಿಲ್ಲದೆ ಕೂತು, ಕಂಪ್ಯೂಟರಿನಲ್ಲಿ ಕಾಣುವ ಕಿಟಕಿ, ಗುಂಡಿ, ಪಟ್ಟಿಗಳನ್ನು ಮಾಡಿ ಬೇಕಾದವರಿಗೆ ಬಿಟ್ಟಿ ಕೊಡುತ್ತೀರಿ. ಅದರಿಂದಲೇ ಅಲ್ಲವೇ ನಮ್ಮ ನೇಕಾರರ ಸಂಘಕ್ಕೆ ನೀನು ಆ ಸೀರೆಯ ದಡಿಯ ಚಿತ್ರ ಬರೆಯುವ ತಂತ್ರಾಂಶ ಮಾಡಿಕೊಟ್ಟದ್ದು? ಆಗ ನೀನು ರಜೆಯಲ್ಲಿ ಬಂದು ಗಿರಮಲ್ಲಪ್ಪ ಕಾಕಾನ ಮಗ್ಗದ ಪಕ್ಕದಲ್ಲಿ ದಿನಗಟ್ಟಲೆ ಕೂತಿರುತ್ತಿದ್ದೆ. ಗುರುಬಸವ್ವ ಕಾಕು ಕೊಟ್ಟ ಖಟಿ ರೊಟ್ಟಿ ಕಟಕಟ ಕಡಿಯುತ್ತ, ನೂಲಿನ ಮೇಲೆ ಚೂರು ಬೀಳಿಸಿ ಬೈಸಿಕೊಳ್ಳುತ್ತಿದ್ದೆ. ಸಂಘಕ್ಕೆ ವಿನ್ಯಾಸ ಬರೆದುಕೊಡುವವಳು ನಾನು, ಗುಂಡಿಗಳ ಮೇಲೆ ಇಲ್ಲಿಯ ನೇಕಾರರ ಮಾತೇ ಇರಲಿ ಎಂದು ಹಟ ಹಿಡಿದು ವಿನ್ಯಾಸಗಳ ಹೆಸರು ತೆನಿ, ಚಿಕ್ಕಿ, ಗೋಮಿ, ಸೆರಗು ಎಂದೇ ಬರೆಸಿದೆ. ಕಾಕಾ ಹೇಳಿದ್ದು ಒಂದೇ ಮಾತು. ನಮ್ಮ ಮಗ್ಗದಲ್ಲಿ ಬಟ್ಟೆಯ ಮುಖ ಕೆಳಗಿರುತ್ತದೆ, ನೇಯುವವನಿಗೆ ಕಾಣುವುದು ಅದರ ಬೆನ್ನು, ಆದ್ದರಿಂದ ತನಗೆ ಬೆನ್ನು ತೋರಿಸಬೇಕು. ಅದಕ್ಕಾಗಿ ನೀನು ಪರದೆಯನ್ನು ಎರಡು ಭಾಗ ಮಾಡಿದೆ. ಎಡಕ್ಕೆ ನಾನು ಬರೆಯುವ ಚಿತ್ರ, ಬಲಕ್ಕೆ ಅದೇ ಚಿತ್ರ ಎಡಬಲ ತಿರುವುಮುರುವಾಗಿ. ಬಲಭಾಗಕ್ಕೆ "ಮಗ್ಗದ ನೋಟ" ಎಂದು ಹೆಸರಿಟ್ಟೆ. ಯಾವ ನೂಲು ಏಳಬೇಕೆಂದು ಮಗ್ಗಕ್ಕೆ ಹೇಳುವ ಕಾರ್ಡಿನಲ್ಲಿ ತೂತು ಬೀಳುವುದು ಆ ಬಲಭಾಗ ನೋಡಿಯೇ. ಅದನ್ನು ಕಂಡು ಕಾಕಾ, "ಪರದೇದಾಗ ಹೆಂಗ ಕಾಣತೈತಿ ಹಂಗ ಮಗ್ಗದ ಮ್ಯಾಲ ಕಂಡ್ರ ಖರೆ, ಇಲ್ಲಂದ್ರ ಸುಳ್ಳ" ಎಂದಿದ್ದರು. ಅಂದಿನಿಂದ ಅವರ ಶಾಸ್ತ್ರ ಅದೊಂದೇ. ಚಿತ್ರ ತಿರುವಿ ತೋರಿಸುವ ಆ ಫಲಕವನ್ನು ನೀನು ಮಂಡಳಿಗೂ ಕೊಟ್ಟೆ, ಅವರ ಸುದ್ದಿ ಪುಟದಲ್ಲಿ ನಿನ್ನ ಹೆಸರು ಮೊದಲ ಸಲ ಬಂತು. ಅಪ್ಪ ಅದನ್ನು ಅಚ್ಚು ಹಾಕಿಸಿ ಸಂಘದ ಗೋಡೆಗೆ ಅಂಟಿಸಿದರು. ಅಪ್ಪ ಹೋದರು, ಹಾಳೆ ಇನ್ನೂ ಇದೆ.

ಈಗ ನೀನೇ ಮಂಡಳಿಯ ಹಿರಿಯರಲ್ಲಿ ಒಬ್ಬ. ಜನವರಿಯ ಸುದ್ದಿ ಓದಿದೆ. ಹೊಸ ಆವೃತ್ತಿ ಹಗುರವಾಗಿದೆ, ಹಳೆಯ ಸಾಮಾನುಗಳನ್ನು ತೆಗೆದುಹಾಕಿದ್ದೇವೆ ಎಂದು ಎಷ್ಟು ಸಂಭ್ರಮ! ತೆಗೆದದ್ದರ ಪಟ್ಟಿಯಲ್ಲಿ ತಿರುವಿ ತೋರಿಸುವ ಫಲಕವೂ ಇತ್ತು. ಎದುರಿಗೆ "ಬಳಸುವವರು ಯಾರೂ ಇಲ್ಲ" ಎಂದು ಬರೆದಿತ್ತು. ಬರೆದವನು ನೀನು. ಬೇರೆ ಯಾರೇ ಬರೆದಿದ್ದರೂ ನನಗೆ ಸಿಟ್ಟು ಬರುತ್ತಿರಲಿಲ್ಲ, ಅವರಿಗೆ ಬನಹಟ್ಟಿ ಎಲ್ಲಿದೆಯೋ ಗೊತ್ತಿಲ್ಲ. ನಿನಗೆ ಗೊತ್ತಿತ್ತಲ್ಲ! ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮ ತಂತ್ರಾಂಶ ಕೆಟ್ಟು ನಿಲ್ಲಬಾರದೆಂದು ಆ ಜಾಗದಲ್ಲಿ ಅವಸರದಿಂದ ಸಾದಾ ಫಲಕ ಕೂರಿಸಿ, ಅಲ್ಲಿಂದಲೇ ಸಂಘದ ಕಂಪ್ಯೂಟರಿಗೆ ಕಳಿಸಿದೆ. ಒಂದು ಮಾತು ತಿಳಿಸಲಿಲ್ಲ. ಅದು ಕೆಟ್ಟು ನಿಂತಿದ್ದರೆ ಎಷ್ಟೋ ಚಲೋ ಇತ್ತು. ಬಲಭಾಗ ತಿರುಗುವುದನ್ನು ಬಿಟ್ಟಿತು, ಮೇಲೆ "ಮಗ್ಗದ ನೋಟ" ಎಂಬ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಸೀರೆಗಳಲ್ಲಿ ಇದು ಯಾರಿಗೂ ಗೊತ್ತಾಗಲಿಲ್ಲ. ತೆನಿಯಾಗಲಿ ಚಿಕ್ಕಿಯಾಗಲಿ ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಅದೇ. ಆದರೆ ಆಗ ಹಿಪ್ಪರಗಿಯ ರೇವಪ್ಪನವರ ಕೆಲಸವೂ ಕೈಯಲ್ಲಿತ್ತು. ಮೊಮ್ಮಗನ ಜವಳ ಬೀರೇಶ್ವರನ ಗುಡಿಯಲ್ಲಿ, ಕೂದಲು ತೆಗೆಸಿದ ಮೇಲೆ ಬಳಗದ ಹಿರಿಯರಿಗೆಲ್ಲ ಹೊದಿಸಲು ಶಲ್ಯ ಬೇಕು, ಅಂಚಿನಲ್ಲಿ ದೇವರ ಹೆಸರು ನೇಯ್ದಿರಬೇಕು ಎಂದರು. ನಾನು ಹೆಸರು ಬರೆದಿಟ್ಟು ಆಯಿಯ ಆಪರೇಶನ್ನಿಗೆ ಮುಧೋಳಕ್ಕೆ ಹೋದೆ. ಆ ದಿನವೇ ನಿನ್ನ ಹೊಸದು ಬಂದು ಕೂತಿತು. ಸಂಘದವರು ಎಂದಿನಂತೆ ಕಾರ್ಡು ಮಾಡಿ ಕೊಟ್ಟರು. ಕಾಕಾ ಓದಿದವರಲ್ಲ. ಪರದೆಯಲ್ಲಿ ಕಂಡದ್ದನ್ನು ಮಗ್ಗದೊಂದಿಗೆ ಹೋಲಿಸಿ ನೋಡಿದರು, ಎರಡೂ ಒಂದೇ ಇದ್ದವು. ನೇಯ್ದರು. ಮಡಚಿದ ಗುರುಬಸವ್ವ ಕಾಕುವೂ ಓದಿದವಳಲ್ಲ. ಗಂಟು ಕಟ್ಟಿದ್ದು ಕಟ್ಟಿದಂತೆಯೇ ಹಿಪ್ಪರಗಿಗೆ ಹೋಯಿತು.

ಗುಡಿಯಲ್ಲಿ ಎಲ್ಲರ ಮುಂದೆ ಗಂಟು ಬಿಚ್ಚಿದಾಗ ರೇವಪ್ಪನವರ ಸೊಸೆ ಮಾಲಾ ಮೊದಲು ಓದಲು ಹೋದಳಂತೆ. ಹೆಸರು ಉಲ್ಟಾ ಇತ್ತು. ರೇವಪ್ಪನವರ ಹೆಂಡತಿ ಯಲ್ಲಕ್ಕ, "ನಮ್ಮ ಕೂಸಿನ ಜವಳದಾಗ ದ್ಯಾವ್ರು ನಮ್ಮ ಕಡಿ ಬೆನ್ನ ಮಾಡ್ಯಾನ" ಎಂದು ಅಲ್ಲೇ ಕೂತು ಅತ್ತಳಂತೆ. ಯಾರಿಗೂ ಶಲ್ಯ ಹೊದಿಸಲಿಲ್ಲ. ಮರುದಿನ ಗಂಟನ್ನು ತಂದು ಸಂಘದ ಕಟ್ಟೆಯ ಮೇಲಿಟ್ಟು ಹೋದರು. ಬೈಯಲೂ ಇಲ್ಲ. ಬೈದಿದ್ದರೆ ನಾನು ಏನಾದರೂ ಹೇಳುತ್ತಿದ್ದೆ.

ಕಾಕಾನಿಗೆ ತಿಳಿದ ದಿನ ಅವರು ಮಗ್ಗದ ಕುಣಿಯಿಂದ ಎದ್ದು ಹೊರಗೆ ಬಂದು ಕೈ ತೊಳೆದುಕೊಂಡರು. ಮತ್ತೆ ಇಳಿದಿಲ್ಲ. ಜವಳದ ದಿನ ಹತ್ತಿರ ಬಂತೆಂದು ಅವರು ಸಂಕ್ರಾಂತಿಯ ಮುಂದಿನ ಅಮವಾಸ್ಯೆಯ ದಿನ ಕೂಡ ನೇಯ್ದಿದ್ದರು. ಅಮವಾಸ್ಯೆಗೆ ಇಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ, ಅದು ನಿನಗೂ ಗೊತ್ತು. "ಅಮಾಸಿ ದಿನಾ ಮಗ್ಗಕ್ಕ ಕೈ ಹಚ್ಚಿದೆ ನೋಡ್ರಿ ಅಕ್ಕಾರ, ಮಗ್ಗದವ್ವ ದೇವರ ಹೆಸರ ತಿರುವಿಬಿಟ್ಲು. ತಪ್ಪ ನಂದ ಐತ್ರಿ" ಎನ್ನುತ್ತಾರೆ. ನಾನು ಕಂಪ್ಯೂಟರ್ ತೆರೆದು ತೋರಿಸಿದೆ, ತಲೆ ಚಚ್ಚಿಕೊಂಡು ಹೇಳಿದೆ. "ನೀವು ನನ್ನ ಸಮಾಧಾನಕ್ಕ ಹೇಳಾಕತ್ತೀರಿ. ಅದನ್ನ ಮಾಡಿದಾಂವ ನಮ್ಮ ವ್ಯಾಸಪ್ಪ. ಅಂವ ತಪ್ಪ ಮಾಡೂದಿಲ್ರಿ" ಎಂದರು. ನನ್ನ ತಮ್ಮನ ಮೇಲೆ ನನಗಿಂತ ಅವರಿಗೆ ಹೆಚ್ಚು ನಂಬಿಕೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಎದ್ದು ಬಂದೆ.

ನಿನಗೆ ಹಳೆಯ ಫಲಕವನ್ನು ತಿರುಗಿ ಕೂರಿಸು ಎಂದು ಬೇಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಕೂರಿಸಬೇಕು, ಅದು ನಿನ್ನ ಕರ್ತವ್ಯ. ನನ್ನ ಹೊಟ್ಟೆ ಉರಿಯುವುದು ಬೇರೆ ಮಾತಿಗೆ. ಮುಖ ಕಾಣದ ಜನರ ಮುಂದೆ ಎಷ್ಟು ವಿನಯ ನಿನಗೆ, ಪ್ರತಿ ತಿಂಗಳ ಸುದ್ದಿಯಲ್ಲಿ ಯಾರು ಯಾರಿಗೆಲ್ಲ ಕೃತಜ್ಞತೆ! ರೊಟ್ಟಿ ಕೊಟ್ಟ ಮನೆಯ ಬಗ್ಗೆ ಮಾತ್ರ "ಯಾರೂ ಇಲ್ಲ" ಎಂದು ಬರೆದೆಯಲ್ಲೋ. ಬರೆಯುವಾಗ ನಿನಗೆ ಒಬ್ಬರ ನೆನಪೂ ಬರಲಿಲ್ಲವೇ?

ರಸಿಕಾಳಿಗೂ ಮಗುವಿಗೂ ಆಶೀರ್ವಾದ. ಆಯಿ ನಿನಗೆ ಗುರೆಳ್ಳಿನ ಚಟ್ನಿ ಕುಟ್ಟಿಟ್ಟಿದ್ದಾಳೆ. ಕಳಿಸುವುದಿಲ್ಲ, ಬಂದು ಒಯ್ಯಿ.

ಇತಿ,
ನಿನ್ನ ಅಕ್ಕ
ಕುಮುದಿನಿ

ತಾ.ಕ.: ಕಾಗದ ಮಡಚಿದ ಮೇಲೆ ಗುರುಬಸವ್ವ ಕಾಕು ಬಂದಿದ್ದಳು. ಕಾಕಾ ಮಗ್ಗ ಕೊಟ್ಟುಬಿಟ್ಟಿದ್ದಾರೆ. ಶಿವರಾತ್ರಿ ಅಮವಾಸ್ಯೆ ಕಳೆದ ಮರುದಿನ ಕೊಂಡವರು ಬಂದು ಬಿಚ್ಚಿಕೊಂಡು ಹೋಗುತ್ತಾರಂತೆ. ಅದಕ್ಕೂ ಮೊದಲು ಬಾ. ಕಂಪ್ಯೂಟರು ತರಬೇಡ. ಅವರ ಮುಂದೆ ನಿಂತು, ತಪ್ಪು ನನ್ನದು ಕಾಕಾ ಎಂದು ಬಾಯಿಬಿಟ್ಟು ಹೇಳು, ಅಷ್ಟು ಸಾಕು. ಕಾಕು ಒಂದು ಶಲ್ಯ ಕೊಟ್ಟು ಹೋಗಿದ್ದಾಳೆ, ಕಾಗದದ ಜೊತೆಗೇ ಪಾರ್ಸೆಲ್ ಮಾಡುತ್ತಿದ್ದೇನೆ. ಆ ಅಮವಾಸ್ಯೆಯ ದಿನ ರೇವಪ್ಪನವರ ಕೆಲಸ ಮುಗಿದ ಮೇಲೆ ಕಾಕಾ ಸಂಘದಲ್ಲಿ ನಿನ್ನ ಹೆಸರು ಬರೆಸಿ, ಕಾರ್ಡು ಮಾಡಿಸಿ, ತಮ್ಮ ನೂಲಿನಲ್ಲಿ ನಿನಗೆಂದು ಇದನ್ನು ನೇಯ್ದಿಟ್ಟಿದ್ದರಂತೆ. ಇದರಲ್ಲಿ ನಿನ್ನ ಹೆಸರೂ ಹಾಗೇ ಉಲ್ಟಾ ಬಂದಿದೆ. ಹೊದ್ದುಕೊಂಡು ಕನ್ನಡಿಯ ಮುಂದೆ ನಿಲ್ಲು, ಅಲ್ಲಿ ವೇದವ್ಯಾಸ ಎಂದು ಸರಿಯಾಗಿ ಕಾಣುತ್ತದೆ. ನೋಡಿಕೊಂಡು ಹೊರಡು.