ಒಂದೇ ಕಾಗದದಲ್ಲಿ ಇಬ್ಬರು

ಸಂಜೆ ಆರು ಗಂಟೆ. ಇವತ್ತು ನೀನು ಸತ್ತ ನಲವತ್ತನೇ ದಿನ, ನೆವೆನಾ ಅಕ್ಕ. ಬೆಳಿಗ್ಗೆ ಪಾದ್ರಿಯ ಜೊತೆ ನಿನ್ನ ಸಮಾಧಿಗೆ ಹೋಗಿ, ಬೇಯಿಸಿದ ಗೋಧಿ ಹಂಚಿ ಬಂದರೆ ನಮ್ಮ ಬಾಗಿಲಿಗೇ ಸಾವಿನ ಪ್ರಕಟಣೆ ಅಂಟಿಸಿದ್ದರು, ನಿನ್ನ ಗಂಡನ ಕಡೆಯವರು. ನಿನ್ನ ಫೋಟೊ, ಪಕ್ಕದಲ್ಲೇ ಅವನದು. ಕೆಳಗೆ ‘ಸಾವಿನಲ್ಲೂ ಅಗಲದ ಜೋಡಿ’ ಎಂದು. ನಿನ್ನನ್ನು ಕೊಂದು ತಾನೂ ಗುಂಡು ಹಾರಿಸಿಕೊಂಡವನ ಜೊತೆ ಜೋಡಿ.

ನಾನು ಅದನ್ನು ಹರಿಯುವಾಗ ನಿನ್ನ ಅತ್ತೆ ದೋಬ್ರಾ ಬೀದಿಯಲ್ಲೇ ನಿಂತಿದ್ದಳು.

“ಸತ್ತವನ ಮುಖ ಹರೀತೀಯಲ್ಲೇ, ನಿನ್ನ ಕೈ ಸೇದಿಹೋಗ. ಗಣಿ ಮುಚ್ಚಿ ಕೆಲಸ ಹೋದ್ಮೇಲೆ ಹಂಗಾದ ನನ್ನ ಮಗ.”

“ಗಣಿ ಮುಚ್ಚಿದಾಗ ಊರಲ್ಲಿ ಎಲ್ಲರ ಕೆಲ್ಸಾನೂ ಹೋಯ್ತು ಅತ್ತೆ. ಇವನು ಸಂಬಳ ಬರ್ತಿದ್ದಾಗ್ಲೂ ಹೊಡೀತಿದ್ದ.”

ಒಳಗಿನಿಂದ ಅಮ್ಮ, “ಸುಮ್ನಿರೇ, ಜನ ನೋಡ್ತಾರೆ” ಎಂದಳು. ನೀನು ತುಟಿ ಒಡೆದು ಮನೆಗೆ ಬಂದ ದಿನ ನಿನಗೆ ಹೇಳಿದ್ದೂ ಇದನ್ನೇ. ಆ ಸಂಜೆಯೇ ನಿನ್ನನ್ನು ವಾಪಸು ಕಳಿಸಿದೆವು.

ಕಂಬಗಳಿಗೆ, ಬಸ್ ನಿಲ್ದಾಣಕ್ಕೆ ಅಂಟಿಸಿದ್ದನ್ನೂ ಹರಿದು ಬಂದೆ. ನಾನು ಮಾಡಿಸುವ ಹೊಸ ಪ್ರಕಟಣೆಯಲ್ಲಿ ನೀನೊಬ್ಬಳೇ ಇರುತ್ತೀಯ, ಕೆಳಗೆ ‘ಗಂಡ ಕೊಂದ’ ಎಂದಿರುತ್ತದೆ. ಮುದ್ರಿಸುವ ಅಂಗಡಿ ನಾಳೆ ಎಂಟಕ್ಕೆ ತೆರೆಯುತ್ತದೆ.